ಸಾಹೇಬರ ತೋಳಿನ ಅಳತೆ

ಅಂಗೈಯಗಲದ ಒಂದು ಡಬ್ಬಿ, ಅದಕ್ಕೊಂದು ರಬ್ಬರ್ ಕೊಳವೆ, ಕೊಳವೆಯ ತುದಿಗೆ ಒಂದು ಬಟ್ಟೆಯ ಪಟ್ಟಿ. ಇಷ್ಟೇ ಇಷ್ಟಿರುವ ಯಂತ್ರವೊಂದು ಮುದ್ರೆ ಸಾಹೇಬರಿಗೆ ಎದುರು ಮಾತಾಡಿಬಿಟ್ಟಿತು. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ತಕ್ಕಡಿಗೂ ಬಾರದ ಧೈರ್ಯ ಈ ಡಬ್ಬಿಗೆ ಬಂತು ಅಂದರೆ ಕಾಲ ಎಷ್ಟು ಕೆಟ್ಟಿದೆ ಅಂತ ನೀವೇ ಯೋಚನೆ ಮಾಡಿ.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಸೇರಿ, ಹಿರಿಯ ಇನ್ಸ್‌ಪೆಕ್ಟರಾಗಿ ರಿಟೈರಾದವರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಕಲ್ಲು, ಲೀಟರಿನ ಪಾತ್ರೆ, ಮೀಟರಿನ ಕೋಲು ಎಲ್ಲವನ್ನೂ ಪರೀಕ್ಷಿಸುವುದು, ಸರಿಯಿದ್ದರೆ ಸರಕಾರಿ ಮುದ್ರೆ ಒತ್ತುವುದು, ಸರಿಯಿಲ್ಲದಿದ್ದರೆ ಕಿತ್ತುಕೊಂಡು ರಸೀದಿ ಕೊಡುವುದು, ಇದು ಅವರ ಕೆಲಸ. ಜನ ಇಟ್ಟ ಹೆಸರೇ ಮುದ್ರೆ ಸಾಹೇಬರು. ಅವರು ಮಾರುಕಟ್ಟೆಯ ಒಂದು ತುದಿಯಲ್ಲಿ ಕಾಲಿಟ್ಟರೆ ಇನ್ನೊಂದು ತುದಿಯಲ್ಲಿ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವಂತೆ. (ಇದು ಅವರೇ ಹೇಳಿದ್ದು, ತಕ್ಕಡಿಗಳನ್ನು ಯಾರೂ ವಿಚಾರಿಸಿಲ್ಲ.) ಇಪ್ಪತ್ತು ಕಿಲೋ ತೂಕದ ಕಲ್ಲುಗಳ ಪೆಟ್ಟಿಗೆಯನ್ನು ಪ್ಯೂನನ ಕೈಗೂ ಕೊಡದೆ ತಾವೇ ಹೊತ್ತು ತಿರುಗಿದವರು ಅವರು. ಅದರಿಂದ ಬಂದ ದಪ್ಪ ತೋಳುಗಳ ಬಗ್ಗೆ ಅವರಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಮನೆಯಲ್ಲಿ ಬನಿಯನ್ ಹಾಕಿಕೊಂಡೇ ಓಡಾಡುತ್ತಿದ್ದುದು ಸೆಖೆಗೆ ಅಂತ ಹೇಳುತ್ತಿದ್ದರು, ಆದರೆ ಚಳಿಗಾಲದಲ್ಲೂ ಹಾಗೇ ಓಡಾಡುತ್ತಿದ್ದರು.

"ಮೂವತ್ತನಾಲ್ಕು ವರ್ಷ! ಒಬ್ಬನೇ ಒಬ್ಬ ನನ್ನನ್ನ ಯಾಮಾರಿಸೋಕೆ ಆಗಿಲ್ಲ," ಅನ್ನುವುದು ಅವರ ದಿನಕ್ಕೆರಡು ಸಲದ ಮಾತು.

"ಮದುವೆ ದಿನ ಒಂದು ಬಿಟ್ಟು," ಅನ್ನುವುದು ಅವರ ಹೆಂಡತಿಯ ಅಷ್ಟೇ ಹಳೆಯ ಉತ್ತರ.

ಹೆಂಡತಿ ಟೇಲರಮ್ಮ. ಮನೆಯ ಮುಂಭಾಗದ ಕೋಣೆಯೇ ಅವರ ಅಂಗಡಿ. ಇವರಿಬ್ಬರ ಪರಿಚಯವಾದದ್ದೂ ಅಳತೆಯ ವಿಷಯದಲ್ಲೇ. ನಲವತ್ತೊಂದು ವರ್ಷದ ಹಿಂದೆ, ಮೀಸೆ ಇನ್ನೂ ಸರಿಯಾಗಿ ಬಲಿಯದ ಇನ್ಸ್‌ಪೆಕ್ಟರೊಬ್ಬರು ಒಂದು ಸಣ್ಣ ಹೊಲಿಗೆ ಅಂಗಡಿಗೆ ನುಗ್ಗಿ, ಅಲ್ಲಿದ್ದ ಹುಡುಗಿಯ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಇಸಿದುಕೊಂಡು ಸರಕಾರಿ ಮೀಟರುಕೋಲಿಗೆ ಹಿಡಿದು, "ಅರ್ಧ ಇಂಚು ಹಿಗ್ಗಿದೆ, ಜಪ್ತಿ!" ಅಂದರು. "ಟೇಪ್ ಹಿಗ್ಗಿರಬಹುದು ಸಾರ್, ನನ್ನ ಕೈ ಹಿಗ್ಗಿಲ್ಲ. ನಾನು ಹೊಲಿದ ಒಂದು ರವಿಕೆ ಬಿಗಿಯಾಯ್ತು ಅಂತ ಯಾರ ಬಾಯಲ್ಲಾದ್ರೂ ಹೇಳಿಸಿ, ಅಂಗಡಿ ಮುಚ್ತೀನಿ," ಅಂದಳು ಹುಡುಗಿ. ಇನ್ಸ್‌ಪೆಕ್ಟರು ಟೇಪು ತೆಗೆದುಕೊಂಡು ರಸೀದಿ ಕೊಟ್ಟರು. ಮೂರು ತಿಂಗಳು ಬಿಟ್ಟು ಹೊಸ ಟೇಪು ಕೊಟ್ಟು ಹೆಣ್ಣು ಕೇಳಿದರು. ರಸೀದಿ ಮಾತ್ರ ಇವತ್ತಿಗೂ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಬೆಚ್ಚಗಿದೆ. ಹೆಂಗಸರು ಇಂಥದ್ದನ್ನು ಬಿಸಾಡುವುದಿಲ್ಲ.

ಇಂಥ ಮನೆಯ ಬಾಗಿಲಿಗೂ ಕಾಯಿಲೆಯ ಕಾಲ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡು ನಾಲ್ಕು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಧ್ವನಿವರ್ಧಕ ಕಟ್ಟಿಕೊಂಡ ವ್ಯಾನೊಂದು ಬಂದು, "ಅರುವತ್ತು ದಾಟಿದವರು ದಯವಿಟ್ಟು ಮನೆಯೊಳಗೇ ಇರಿ," ಅಂತ ಸಾಹೇಬರ ಗೇಟಿನ ಮುಂದೆಯೇ ಕೂಗುತ್ತಿತ್ತು. "ಬೇರೆ ಮನೆ ಇಲ್ವಾ ಇವನಿಗೆ? ನನ್ನ ವಯಸ್ಸು ಇಡೀ ಬೀದಿಗೆ ಯಾಕೆ ಹೇಳ್ಬೇಕು?" ಅಂತ ಸಾಹೇಬರು ಸಿಡುಕುತ್ತಿದ್ದರು. ವಯಸ್ಸು ಅರುವತ್ತೆಂಟು. ಬಿ.ಪಿ.ಗೆ ಅಂತ ಆರು ವರ್ಷದಿಂದ ಬೆಳಿಗ್ಗೆ ಒಂದು ಸಣ್ಣ ಮಾತ್ರೆ. ಅದನ್ನು ಅವರು ಕಾಯಿಲೆ ಅಂತ ಎಣಿಸಿರಲೇ ಇಲ್ಲ, ಅಧಿಕಾರದಲ್ಲಿದ್ದವರಿಗೆ ಬರುವ ಬಿರುದು ಅಂದುಕೊಂಡಿದ್ದರು.

ಆದರೆ ಬೀದಿಯ ಕೊನೆಯ ಮನೆಯ ಪೋಸ್ಟ್‌ಮಾಸ್ಟರು, ಬರೀ ಕೆಮ್ಮು ಅಂತ ಆಂಬುಲೆನ್ಸ್ ಹತ್ತಿದವರು, ವಾಪಸು ಬರಲಿಲ್ಲ. ಅವರು ಬಾಗಿಲಲ್ಲಿ ಬಿಟ್ಟು ಹೋದ ಚಪ್ಪಲಿ ಅಲ್ಲೇ ಇತ್ತು. ತೆಗೆದಿಡುವ ಧೈರ್ಯ ಆ ಮನೆಯವರಿಗಿನ್ನೂ ಬಂದಿರಲಿಲ್ಲ. ಸಾಹೇಬರು ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ, ಆದರೆ ಆಸ್ಪತ್ರೆ ಎಂದರೆ ಅವರಿಗೆ ಈಗ ಎದೆ ಝಲ್ಲೆನ್ನುತ್ತಿತ್ತು.

ಮಾತ್ರೆ ಮುಗಿಯುತ್ತಾ ಬಂದಿದೆ ಎಂದು ಫೋನು ಮಾಡಿದಾಗ ಡಾಕ್ಟರಮ್ಮ ಹೇಳಿದ್ದು ಇಷ್ಟು: "ಅಂಕಲ್, ಸುಮ್ ಸುಮ್ನೆ ಇಲ್ಲಿಗೆ ಬರೋದು ಬೇಡ. ಮನೆಗೇ ಒಂದು ಬಿ.ಪಿ. ಮೆಷಿನ್ ತರಿಸ್ಕೊಳ್ಳಿ. ನಾಳೆ ಸೋಮವಾರದಿಂದ ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ನೋಡಿ ಬರೆದಿಡಿ. ಭಾನುವಾರ ಹತ್ತು ಗಂಟೆಗೆ ನನಗೆ ಓದಿ ಹೇಳಿ. ಸರಿಯಾಗಿದ್ರೆ ಅದೇ ಮಾತ್ರೆ. ನೂರೈವತ್ತರ ಮೇಲೇ ಇದ್ರೆ ಮಾತ್ರ ಬಂದು ಒಂದೆರಡು ದಿನ ಅಡ್ಮಿಟ್ ಆಗ್ಬೇಕಾಗತ್ತೆ."

"ಅಡ್ಮಿಟ್ಟಾ? ನಾನಾ? ನಾನು ಮೂವತ್ತನಾಲ್ಕು ವರ್ಷ..." ಅಂತ ಸಾಹೇಬರು ಶುರು ಮಾಡುವಷ್ಟರಲ್ಲಿ ಫೋನು ಇಟ್ಟಾಗಿತ್ತು.

ಮೆಡಿಕಲ್ ಶಾಪಿನಿಂದ ಯಂತ್ರ ಬಂದು ಗೇಟಿಗೆ ನೇತುಬಿತ್ತು. ಸಾಹೇಬರು ಮೇಜಿನ ಮೇಲೆ ಪೇಪರು ಹಾಸಿ, ಭೂತಗನ್ನಡಿ ತೆಗೆದು, ರಟ್ಟಿನ ಪೆಟ್ಟಿಗೆಯ ಆರೂ ಮುಖಗಳನ್ನು ಪರಿಶೀಲಿಸಿದರು. ತಯಾರಿಕೆಯ ತಿಂಗಳು ಇದೆ. ತಯಾರಕರ ಪೂರ್ತಿ ವಿಳಾಸ ಇದೆ. ಬೆಲೆ ಇದೆ, ಅಕ್ಷರದ ಗಾತ್ರ ಕಾಯಿದೆಗೆ ತಕ್ಕ ಹಾಗೆ ಇದೆ. ದೂರು ಕೊಡುವ ಫೋನ್ ನಂಬರೂ ಇದೆ (ಮಾಡಿ ನೋಡಿದರು, ಯಾರೂ ಎತ್ತಲಿಲ್ಲ). "ನೋಡು, ಪೆಟ್ಟಿಗೆ ಅಂದ್ರೆ ಹೀಗಿರ್ಬೇಕು," ಅಂತ ಹೆಂಡತಿಗೆ ತೋರಿಸಿ ಸಂತೋಷಪಟ್ಟರು. ಒಳಗಿನ ಪಟ್ಟಿಯ ಮೇಲೆ ಏನು ಬರೆದಿದೆ ಅಂತ ನೋಡಲಿಲ್ಲ. ಕಾಯಿದೆಯಲ್ಲಿ ಪೆಟ್ಟಿಗೆಯ ಹೊರಗಿನದು ಮುಖ್ಯ.

ಆಮೇಲೆ ಪರೀಕ್ಷೆ. ಯಾವ ಯಂತ್ರವನ್ನಾಗಲಿ ಪರೀಕ್ಷಿಸದೆ ಉಪಯೋಗಿಸುವವರು ಅವರಲ್ಲ. "ಬಾರೇ ಇಲ್ಲಿ, ಕೈ ಕೊಡು."

"ಈ ವಯಸ್ಸಿನಲ್ಲಿ ಏನ್ರೀ ಇದು," ಅನ್ನುತ್ತ ಟೇಲರಮ್ಮ ಮಾಸ್ಕು ಹೊಲಿಯುವುದನ್ನು ಬಿಟ್ಟು ಎದ್ದು ಬಂದರು. ಪೌರಕಾರ್ಮಿಕರಿಗಾಗಿ ಇನ್ನೂರು ಮಾಸ್ಕು ಶನಿವಾರದೊಳಗೆ ಕೊಡಬೇಕಿತ್ತು. ಕಡ್ಡಿಯಂಥ ಕೈಗೆ ಪಟ್ಟಿ ಸುತ್ತಿದರು. ಯಂತ್ರ ಗುರ್ರ್ ಎಂದು ಊದಿ, ಉಸ್ಸೆಂದು ಬಿಟ್ಟು, ನೂರಾ ಹದಿನೆಂಟು ಅಂತ ತೋರಿಸಿತು. ಇನ್ನೊಂದು ಸಲ: ನೂರಾ ಹದಿನೇಳು. ಮೂರನೆಯ ಸಲ: ನೂರಾ ಹದಿನೆಂಟು.

"ಭೇಷ್! ಯಂತ್ರ ನಿಖರ. ನೀನೂ ಪರವಾಗಿಲ್ಲ," ಎಂದು ಸಾಹೇಬರು ತೀರ್ಪು ಕೊಟ್ಟರು. ಮನಸ್ಸಿನಲ್ಲೇ ಯಂತ್ರಕ್ಕೆ ಮುದ್ರೆ ಒತ್ತಿಯೂ ಬಿಟ್ಟರು.

ಟೇಲರಮ್ಮ ಒಳಗೆ ಹಾಲು ಉಕ್ಕಿತೆಂದು ಓಡಿದರು. ಸಾಹೇಬರು ತಮ್ಮ ತೋಳಿಗೆ ಪಟ್ಟಿ ಸುತ್ತಿದರು. ಅದು ಸುತ್ತಿಬಂದು ತುದಿಗೆ ತುದಿ ಮುಟ್ಟಿತಷ್ಟೆ, ಹಿಡಿಯಲು ಹಿಂದೆಮುಂದೆ ನೋಡಿತು. ಗುರ್ರ್ ಎಂದು ಗಾಳಿ ತುಂಬುತ್ತಿದ್ದ ಹಾಗೆ ಚರ್ರೆಂದು ಬಿಚ್ಚಿಕೊಂಡು ನೆಲಕ್ಕೆ ಬಿತ್ತು. "ಹಹ್ಹಾ! ನನ್ನ ತೋಳು ಕಂಡು ಹೆದರ್ತು," ಅಂದರು ಸಾಹೇಬರು. ಪಕ್ಕದಲ್ಲಿ ಹೆಂಡತಿಯ ಮಾಸ್ಕಿನ ಎಲಾಸ್ಟಿಕ್ ತುಂಡುಗಳ ರಾಶಿಯಿತ್ತು. ಮೂರು ತುಂಡು ಎತ್ತಿ ಒಂದಕ್ಕೊಂದು ಕಟ್ಟಿಕೊಂಡು, ಪಟ್ಟಿಯನ್ನು ತೋಳಿಗೆ ಬಿಗಿದು, ಹಲ್ಲಲ್ಲಿ ಕಚ್ಚಿ ಗಂಟು ಹಾಕಿದರು. ಯಂತ್ರ ಈ ಸಲ ಓಡಿಹೋಗಲಾರದೆ ಊದಿತು, ಊದಿತು, ಊದುತ್ತಲೇ ಇತ್ತು. ಕೊನೆಗೆ ತೋರಿಸಿದ್ದು: ನೂರಾ ಅರವತ್ತೆಂಟು.

ಸಾಹೇಬರು ಕನ್ನಡಕ ಒರೆಸಿಕೊಂಡು ನೋಡಿದರು. ನೂರಾ ಅರವತ್ತೆಂಟೇ. ಇನ್ನೊಂದು ಸಲ: ನೂರಾ ಎಪ್ಪತ್ತೊಂದು. ಮೂರನೆಯ ಸಲ: ನೂರಾ ಎಪ್ಪತ್ತನಾಲ್ಕು. ಅವರ ಇಲಾಖೆಯ ನಿಯಮ ಸ್ಪಷ್ಟ. ಯಂತ್ರ ಸರಿಯಿದೆ ಎಂದು ಒಮ್ಮೆ ಪರೀಕ್ಷೆಯಾದ ಮೇಲೆ ತಪ್ಪು ತೂಕ ಬಂದರೆ ತಪ್ಪಿರುವುದು ಸರಕಿನಲ್ಲಿ. ಇಲ್ಲಿ ಸರಕು ಸ್ವತಃ ಅವರೇ.

"ನಿಮ್ಮದೆಷ್ಟು ಬಂತ್ರೀ?" ಅಡುಗೆಮನೆಯಿಂದ ಪ್ರಶ್ನೆ ಬಂತು.

"ಮಾಮೂಲಿ," ಅಂದರು ಸಾಹೇಬರು. ಅಂಕಿ ಹೇಳದೆ ಮಾಮೂಲಿ ಎಂದರೆ ಸುಳ್ಳಲ್ಲ. ಅವರ ಪ್ರಕಾರ ಅದಿನ್ನೂ ಕಾಯಿದೆಯ ಒಳಗೇ ಇತ್ತು.

ಸಾಹೇಬರ ಪತನ ಮರುದಿನ ಬೆಳಿಗ್ಗೆ ಗೇಟಿನ ಬಳಿ ಆಯಿತು. ಎದುರುಮನೆಯಲ್ಲಿ ಇರುವವರು ರಿಟೈರಾದ ಡ್ರಿಲ್ ಮೇಷ್ಟ್ರು. ವಯಸ್ಸು ಎಪ್ಪತ್ತು, ದೇಹ ಬಿದಿರಿನ ಗಳ, ದನಿ ಮೂರು ಬೀದಿಗೆ ಕೇಳುವಂಥದ್ದು. ಇಬ್ಬರಿಗೂ ಹಳೆಯ ಸ್ನೇಹ, ಅಂದರೆ ಹಳೆಯ ಪೈಪೋಟಿ. ಈಗ ಬೀದಿ ದಾಟುವ ಹಾಗಿಲ್ಲದ್ದರಿಂದ ಗೇಟಿನಿಂದ ಗೇಟಿಗೆ ಕೂಗಾಟ ನಡೆಯುತ್ತಿತ್ತು.

"ಸಾಹೇಬ್ರೇ! ಮೆಷಿನ್ ತಂದ್ರಂತೆ? ನಾನೂ ದಿನಾ ನೋಡ್ಕೋತೀನಿ. ಇವತ್ತು ನಂದು ನೂರಾ ಹದಿನಾರು! ನಿಮ್ಮದೆಷ್ಟು?"

ಸಾಹೇಬರ ಜೇಬಿನಲ್ಲಿ ಆ ದಿನದ ನೂರಾ ಎಪ್ಪತ್ತು ಇತ್ತು. ಅವರು ಬಾಯಿ ತೆರೆದರು. ಮೂವತ್ತನಾಲ್ಕು ವರ್ಷ ಗ್ರಾಂ ಹೆಚ್ಚಿಲ್ಲದೆ ಗ್ರಾಂ ಕಡಿಮೆಯಿಲ್ಲದೆ ಬದುಕಿದ ಮನುಷ್ಯ ಬೀದಿಗೆ ಬೀದಿಯೇ ಕೇಳುವ ಹಾಗೆ, "ನೂರಾ ಹದಿನೈದು!" ಅಂದುಬಿಟ್ಟರು.

ಮರುದಿನ ಮೇಷ್ಟ್ರು, "ನೂರಾ ಹದಿನಾಲ್ಕು!" ಅಂದರು. ಸಾಹೇಬರು, "ನೂರಾ ಹದಿಮೂರು!" ಅಂದರು. ಗುರುವಾರದ ಹೊತ್ತಿಗೆ ಇಬ್ಬರೂ ಇಳಿದು ಇಳಿದು ನೂರಾ ಎಂಟಕ್ಕೆ ಬಂದಿದ್ದರು. ಇನ್ನೊಂದು ವಾರ ಹೀಗೇ ಹೋಗಿದ್ದರೆ ಇಬ್ಬರ ಹೃದಯವೂ ಲೆಕ್ಕದ ಪ್ರಕಾರ ನಿಂತೇಹೋಗುತ್ತಿತ್ತು.

ಇತ್ತ ಯಂತ್ರ ಮಾತ್ರ ಏರುತ್ತಲೇ ಹೋಯಿತು. ದಿನಕ್ಕೊಂದು ಸಲ ನೋಡಬೇಕಿದ್ದವರು ನಾಲ್ಕು ಸಲ ನೋಡಿದರು, ಆಮೇಲೆ ಹದಿನಾಲ್ಕು ಸಲ. ಹೆಂಡತಿಗೆ ಕಾಣಬಾರದೆಂದು ಉಗ್ರಾಣದ ಕೋಣೆಗೆ ಹೋಗಿ, ಚಿಲಕ ಹಾಕಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಮೊಣಕಾಲ ಮೇಲೆ ಯಂತ್ರ ಇಟ್ಟುಕೊಂಡು, "ಇಳಿ, ಇಳಿ, ಇಳಿಯೋ ಮಹಾರಾಯ," ಅಂತ ಅದನ್ನು ಗದರಿಸುತ್ತ ನೋಡುತ್ತಿದ್ದರು. ಗದರಿಸಿದರೆ ತಕ್ಕಡಿ ಕೇಳುತ್ತಿತ್ತು, ಇದು ಕೇಳಲಿಲ್ಲ. ಯಾಕೆ ಕೋಣೆಗೆ ಹೋಗುತ್ತೀರಿ ಅಂದರೆ ಧ್ಯಾನ ಅಂದರು. ಹೊರಗೆ ಬಂದರೆ ಟಿವಿಯಲ್ಲಿ ಆವತ್ತಿನ ಸೋಂಕಿನ ಸಂಖ್ಯೆ, ಒಳಗೆ ಹೋದರೆ ಯಂತ್ರದಲ್ಲಿ ತಮ್ಮ ಸಂಖ್ಯೆ. ಊಟ ರುಚಿಸಲಿಲ್ಲ. (ಹಾಗಂತ ಬಿಡಲಿಲ್ಲ, ಚಿಂತೆಗೆ ಬಿಸ್ಕತ್ತು ಒಳ್ಳೆಯದು ಎಂದು ಡಬ್ಬಿ ಖಾಲಿ ಮಾಡುತ್ತಿದ್ದರು.) ಕಣ್ಣು ಮುಚ್ಚಿದರೆ ಆ ಚಪ್ಪಲಿ.

ಆದರೆ ಒಂದು ಮಾತು ಹೇಳಲೇಬೇಕು. ಡಾಕ್ಟರಮ್ಮನಿಗೆಂದು ಇಟ್ಟ ನೋಟುಬುಕ್ಕಿನಲ್ಲಿ ಸಾಹೇಬರು ಒಂದಂಕಿಯನ್ನೂ ತಿದ್ದಲಿಲ್ಲ. ಗೇಟಿನಲ್ಲಿ ನೂರಾ ಎಂಟು ಎಂದು ಕೂಗಿ ಒಳಗೆ ಬಂದು, ಗುಂಡಗಿನ ಅಕ್ಷರದಲ್ಲಿ ನೂರಾ ಎಪ್ಪತ್ತಾರು ಎಂದು ಬರೆದು, ಕೆಳಗೆ ಸಹಿ ಹಾಕುತ್ತಿದ್ದರು. ಬಾಯಿ ಅವರ ಸ್ವಂತದ್ದು, ಕೆಟ್ಟರೆ ಕೆಡಲಿ. ಬರಹ ಹಾಗಲ್ಲ. ಆ ಬರಹವನ್ನೇ ಭಾನುವಾರ ಓದಿ ಹೇಳಬೇಕು, ಹೇಳಿದರೆ ಆಂಬುಲೆನ್ಸ್ ಬರುತ್ತದೆ ಅನ್ನುವುದೂ ಅವರಿಗೆ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ಟೇಲರಮ್ಮ ಗುಡುಗಿದರು. "ರೀ! ಈ ಮನೇಲಿ ಕಳ್ಳ ಇದ್ದಾನೆ!"

ಇನ್ನೂರು ಮಾಸ್ಕಿಗೆ ನಾನೂರು ಎಲಾಸ್ಟಿಕ್ ತುಂಡು, ಒಂದೊಂದೂ ಏಳಿಂಚು. ಕತ್ತರಿಸಿ ಎಣಿಸಿ ಇಟ್ಟಿದ್ದರಲ್ಲಿ ಮೂವತ್ತು ತುಂಡು ಕಡಿಮೆ. ಆ ದಿನಗಳಲ್ಲಿ ಎಲಾಸ್ಟಿಕ್ ಎಂದರೆ ಬಂಗಾರ, ದುಡ್ಡು ಕೊಟ್ಟರೂ ಅಂಗಡಿಯಲ್ಲಿ ಇಲ್ಲ.

"ಇಲಿ ಇರಬಹುದು," ಅಂದರು ಸಾಹೇಬರು, ಪೇಪರಿನ ಹಿಂದಿನಿಂದ.

"ಇಲಿ ಬಟ್ಟೆ ಬಿಟ್ಟು ಎಲಾಸ್ಟಿಕ್ ಒಂದೇ ತಿನ್ನತ್ತಾ? ಅದೂ ಸರಿಯಾಗಿ ಮೂವತ್ತು ಎಣಿಸ್ಕೊಂಡು?"

ಸಾಹೇಬರಿಗೆ ಆಗ ಧ್ಯಾನದ ನೆನಪಾಯಿತು. ಅವರು ಎದ್ದು ಹೋದ ಐದು ನಿಮಿಷಕ್ಕೆ ಟೇಲರಮ್ಮ ರಾಶಿಯನ್ನು ಮತ್ತೆ ಎಣಿಸಿದರು. ಇನ್ನೂ ಮೂರು ಇಲ್ಲ. ಉಗ್ರಾಣದ ಕಡೆಯಿಂದ ಗುರ್ರ್ ಎಂಬ ಸದ್ದು ಬರುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಸಾಹೇಬರ ಗೊರಕೆ, ಸಿಡುಕು, ಸೀನು ಎಲ್ಲ ಕೇಳಿದ್ದರು, ಧ್ಯಾನಕ್ಕೆ ಗುರ್ರೆನ್ನುವುದು ಕೇಳಿರಲಿಲ್ಲ.

"ಬಾಗಿಲು ತೆಗೀರಿ."

"ಧ್ಯಾನ..."

"ತೆಗೀತೀರೋ, ಕತ್ತರಿ ತರ್ಲೋ?"

ಬಾಗಿಲು ತೆರೆಯಿತು. ಬಕೆಟ್ಟಿನ ಮೇಲೆ ಸಾಹೇಬರು. ತೋಳಿಗೆ ಕಟ್ಟಿದ ಪಟ್ಟಿ, ಪಟ್ಟಿಯ ಮೇಲೆ ಏಳೇಳಿಂಚಿನ ಮೂರು ಎಲಾಸ್ಟಿಕ್, ಬದನೆಕಾಯಿ ಬಣ್ಣಕ್ಕೆ ತಿರುಗಿದ ಕೈಬೆರಳು. ಮೂಲೆಯಲ್ಲಿ, ಗಂಟು ಬಿಗಿದು ಬಿಚ್ಚದಾದ ಹಳೆಯ ಎಲಾಸ್ಟಿಕ್ಕುಗಳ ಗುಪ್ಪೆ. ಮೊಣಕಾಲ ಮೇಲೆ ತೆರೆದ ನೋಟುಬುಕ್ಕು. ಟೇಲರಮ್ಮ ಎಲಾಸ್ಟಿಕ್ಕಿನ ವಿಷಯ ಎತ್ತಲು ಬಾಯಿ ತೆರೆದವರು ನೋಟುಬುಕ್ಕು ಕಂಡು ನಿಂತುಬಿಟ್ಟರು. ಎತ್ತಿಕೊಂಡು ಓದಿದರು. ನೂರಾ ಅರವತ್ತೆಂಟು. ನೂರಾ ಎಪ್ಪತ್ತು. ನೂರಾ ಎಪ್ಪತ್ತಾರು. ನೂರಾ ಎಂಬತ್ತು. ಪ್ರತಿಯೊಂದರ ಕೆಳಗೂ ಸಹಿ.

"ಇದೇನ್ರೀ ಇದು? ಗೇಟಲ್ಲಿ ನಿಂತು ನೂರಾ ಎಂಟು ಅಂತ ಕೂಗ್ತಿದ್ರಲ್ಲ?"

ಸಾಹೇಬರು ಬಕೆಟ್ಟು ನೋಡಿದರು.

"ನನಗ್ಯಾಕ್ರೀ ಹೇಳ್ಲಿಲ್ಲ? ಏನಾದ್ರೂ ಆಗಿದ್ರೆ? ಯಾರಿಗೂ ಹೇಳ್ದೆ ಕೇಳ್ದೆ ಈ ಬಕೆಟ್ ಮೇಲೆ ಸಾಯ್ತಿದ್ರಾ?" ದನಿ ಗಡುಸಾಗಿಯೇ ಶುರುವಾಗಿ ಕೊನೆಯಲ್ಲಿ ಒಡೆದುಹೋಯಿತು.

"ಹೇಳಿದ್ರೆ ಡಾಕ್ಟರಿಗೆ ಹೇಳ್ತಿದ್ದೆ ನೀನು," ಅಂದರು ಸಾಹೇಬರು. ಅವರ ದನಿಯೂ ಇನ್ಸ್‌ಪೆಕ್ಟರದಾಗಿ ಉಳಿದಿರಲಿಲ್ಲ. "ಅವರು ಅಡ್ಮಿಟ್ ಆಗಿ ಅಂತಾರೆ. ಪೋಸ್ಟ್‌ಮಾಸ್ಟರ್ ಹೋದದ್ದು ನೋಡಿದೀಯಲ್ಲ. ನನಗೆ ಭಯ ಆಯ್ತು ಕಣೇ. ಹೋದೋನು ಬರದೇ ಹೋದ್ರೆ... ನೀನೊಬ್ಬಳೇ ಆಗ್ತೀಯಲ್ಲ."

ಟೇಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲಾಸ್ಟಿಕ್ಕಿನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು. ಪಟ್ಟಿ ತೆಗೆದರು. ತೋಳಿನ ಮೇಲೆ ಸುತ್ತಲೂ ಕೆಂಪಗೆ ಬರೆ ಎದ್ದಿತ್ತು. ಆ ಬರೆ ಕಂಡದ್ದೇ ತಡ, ಅಳುತ್ತಿದ್ದ ಹೆಂಡತಿ ಹೋಗಿ ನಲವತ್ತು ವರ್ಷದ ಟೇಲರು ಬಂದರು. ಬಿಗಿಯಾದ ತೋಳು ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಕೊರಳಲ್ಲಿದ್ದ ಟೇಪು ಆಗಲೇ ಸಾಹೇಬರ ತೋಳನ್ನು ಸುತ್ತಿತ್ತು.

"ಹದಿನೈದೂವರೆ," ಅಂದರು ಟೇಲರಮ್ಮ. ಪಟ್ಟಿಯನ್ನು ನೆಲದ ಮೇಲೆ ಹಾಸಿ ಅದಕ್ಕೂ ಟೇಪು ಹಿಡಿದರು. ಹಿಂದೆ ಮುಂದೆ ತಿರುಗಿಸಿದರು. "ಇದು ನಿಮ್ಮ ಕೈಗೆ ಹೊಲಿದದ್ದಲ್ಲ ಕಣ್ರೀ."

"ಏನು?"

"ನೋಡಿ, ಇಲ್ಲಿ ಏನೋ ಬರೆದಿದೆ. ಕನ್ನಡಕ ಹಾಕ್ಕೊಂಡು ಓದಿ."

ಪಟ್ಟಿಯ ಒಳಮೈಯಲ್ಲಿ, ಇಷ್ಟು ದಿನ ಸಾಹೇಬರ ಚರ್ಮಕ್ಕೆ ಅಂಟಿಕೊಂಡೇ ಇದ್ದ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ತೋಳಿನ ಸುತ್ತಳತೆ ಇಪ್ಪತ್ತೆರಡರಿಂದ ಮೂವತ್ತೆರಡು ಸೆಂಟಿಮೀಟರ್ ಇರುವವರಿಗೆ ಮಾತ್ರ. ಅಕ್ಷರದ ಗಾತ್ರವೂ ಕಾಯಿದೆಗೆ ತಕ್ಕ ಹಾಗೇ ಇತ್ತು.

ಹದಿನೈದೂವರೆ ಇಂಚು ಎಂದರೆ ಮೂವತ್ತೊಂಬತ್ತು ಸೆಂಟಿಮೀಟರು. ಈ ಗುಣಾಕಾರವನ್ನು ಸಾಹೇಬರು ನಿದ್ದೆಯಲ್ಲೂ ಮಾಡಬಲ್ಲರು. ಮಾಡಿದರು.

"ಆದ್ರೆ ನಾನು ಪರೀಕ್ಷೆ ಮಾಡಿದ್ದೆ," ಅಂದರು ಪಟ್ಟಿಯನ್ನು ತಿರುವಿ ನೋಡುತ್ತ. "ನಿನ್ನ ಕೈಗೆ ಕಟ್ಟಿ ಮೂರು ಸಲ..."

"ನನ್ನ ಕೈ ಕಡ್ಡಿ. ನಿಮ್ಮ ಕೈ ಒನಕೆ. ಒಂದು ಮಾತು ಕೇಳ್ತೀನಿ. ನಿಮ್ಮ ಕೈಕೆಳಗಿನ ಇನ್ಸ್‌ಪೆಕ್ಟರ್ ಬರೀ ನೂರು ಗ್ರಾಂ ಕಲ್ಲಿಟ್ಟು ನೋಡಿ, ದೊಡ್ಡ ಕಲ್ಲು ಇಡದೇನೇ ತಕ್ಕಡಿಗೆ ಮುದ್ರೆ ಒತ್ತಿದ್ರೆ ನೀವೇನು ಮಾಡ್ತಿದ್ರಿ?"

"ಸಸ್ಪೆಂಡ್ ಮಾಡಿಸ್ತಿದ್ದೆ."

"ಹಂಗಾದ್ರೆ ಏಳಿ ಬಕೆಟ್ಟಿಂದ."

ಆ ಸಂಜೆಯೇ ಡಾಕ್ಟರಮ್ಮನಿಗೆ ಫೋನು ಹೋಯಿತು. ಸಾಹೇಬರು ಗಂಭೀರವಾಗಿ, "ಉಪಕರಣದಲ್ಲಿ ಒಂದು ಸಣ್ಣ ಅಳತೆ ವ್ಯತ್ಯಾಸ ಕಂಡುಬಂದಿದೆ," ಎಂದು ಶುರು ಮಾಡಿದರು. ಟೇಲರಮ್ಮ ಪಕ್ಕದಿಂದ, "ಎಲಾಸ್ಟಿಕ್ ಕಟ್ಟಿಕೊಂಡಿದ್ರು ಡಾಕ್ಟ್ರೇ! ಬಕೆಟ್ ಮೇಲೆ ಕೂತು! ದಿನಕ್ಕೆ ಹದಿನಾಲ್ಕು ಸಲ!" ಎಂದು ವರದಿಯನ್ನು ಪೂರ್ತಿ ಮಾಡಿದರು.

ಆ ಕಡೆ ಡಾಕ್ಟರಮ್ಮ ನಗು ನುಂಗಿಕೊಂಡು ಮಾತಾಡಿದರು. "ಅಂಕಲ್, ತೋಳಿಗಿಂತ ಪಟ್ಟಿ ಚಿಕ್ಕದಾದ್ರೆ ಬಿ.ಪಿ. ಇರೋದಕ್ಕಿಂತ ಹೆಚ್ಚು ತೋರಿಸತ್ತೆ. ಅದರ ಮೇಲೆ ನೀವು ಹೆದರ್ಕೊಂಡು ಹೆದರ್ಕೊಂಡು ನೋಡಿದ್ರೆ ಇನ್ನೂ ಏರತ್ತೆ. ದೊಡ್ಡ ಪಟ್ಟಿ ಬೇರೆ ಸಿಗತ್ತೆ, ತರಿಸಿ."

"ನಾನೇ ಒಂದು ತುಂಡು ಬಟ್ಟೆ ಸೇರಿಸಿ ಉದ್ದ ಮಾಡ್ಲಾ?" ಟೇಲರಮ್ಮ ಕೇಳಿದರು.

"ಬೇಡ ಆಂಟಿ, ಒಳಗಿರೋ ಗಾಳಿ ಚೀಲವೇ ದೊಡ್ಡದಿರ್ಬೇಕು. ಬಂದ ಮೇಲೆ ಕುರ್ಚಿಗೆ ಬೆನ್ನು ಒರಗಿಸಿ, ಕಾಲು ನೆಲಕ್ಕೂರಿ, ಐದು ನಿಮಿಷ ಸುಮ್ನೆ ಕೂರಿಸಿ. ಟಿವಿ ಆಫ್. ಮಾತಿಲ್ಲ."

"ಮಾತಿಲ್ದೆ ಐದು ನಿಮಿಷಾನಾ? ಇವರಾ?" ಅಂದರು ಟೇಲರಮ್ಮ.

ಫೋನು ಇಟ್ಟ ಮೇಲೆ ಟೇಲರಮ್ಮ ಹೊಲಿಗೆ ಯಂತ್ರದ ಡ್ರಾಯರು ಎಳೆದು, ಹಳದಿಯಾಗಿದ್ದ ಒಂದು ಕಾಗದ ತೆಗೆದರು. ನಲವತ್ತೊಂದು ವರ್ಷದ ಹಿಂದಿನ ಜಪ್ತಿ ರಸೀದಿ. ಅದನ್ನು ತಿರುವಿ ಹಿಂಭಾಗದಲ್ಲಿ ಬರೆದರು: "ಬಿ.ಪಿ. ಪಟ್ಟಿ ಒಂದು, ಅಳತೆಯಲ್ಲಿ ಗಿಡ್ಡ, ಬಳಕೆಗೆ ಅಯೋಗ್ಯ. ಉಗ್ರಾಣದ ಕೋಣೆಯಲ್ಲಿ, ಬಕೆಟ್ಟಿನ ಮೇಲೆ ಕೂತಿದ್ದ ವ್ಯಕ್ತಿಯಿಂದ ವಶಪಡಿಸಿಕೊಳ್ಳಲಾಗಿದೆ. ಎಲಾಸ್ಟಿಕ್ ಮೂವತ್ತಮೂರು ತುಂಡು, ಬಿಚ್ಚದೆ ಉಳಿದ ಮೂವತ್ತನ್ನು ಸದರಿ ವ್ಯಕ್ತಿಯೇ ಗಂಟು ಬಿಚ್ಚಿ ಕೊಡತಕ್ಕದ್ದು."

ಸಾಹೇಬರು ಓದಿದರು. ಎರಡು ಸಲ ಓದಿದರು. ತಪ್ಪು ಹುಡುಕಿದರು, ಸಿಗಲಿಲ್ಲ. ವಸ್ತು, ದೋಷ, ಸ್ಥಳ, ಎಲ್ಲ ಇತ್ತು. ಅವರ ಕೈಕೆಳಗಿನ ಹನ್ನೊಂದು ಇನ್ಸ್‌ಪೆಕ್ಟರುಗಳಲ್ಲಿ ಒಬ್ಬನೂ ಇಷ್ಟು ಚೊಕ್ಕವಾಗಿ ಬರೆದದ್ದಿಲ್ಲ. ಅವಮಾನವಾಗಬೇಕಾದ ಜಾಗದಲ್ಲಿ ಅವರಿಗೆ ಎದೆಯುಬ್ಬಿಬಂತು. ಎಂಥ ಹೆಂಗಸನ್ನು ಹಿಡಿದೆ ನಾನು ಅಂದುಕೊಂಡು, ದೊಡ್ಡದಾಗಿ ಸಹಿ ಹಾಕಿ, ರಾತ್ರಿಯ ಊಟದವರೆಗೂ ಕೂತು ಎಲಾಸ್ಟಿಕ್ಕಿನ ಗಂಟು ಬಿಚ್ಚಿದರು.

ಶನಿವಾರ ಮಾಸ್ಕುಗಳು ಹೋದವು, ದೊಡ್ಡ ಪಟ್ಟಿ ಬಂತು. ಭಾನುವಾರ ಬೆಳಿಗ್ಗೆ ಸಾಹೇಬರನ್ನು ಕುರ್ಚಿಯಲ್ಲಿ ಕೂರಿಸಲಾಯಿತು. ಟಿವಿ ಬಂದ್. ಟೇಲರಮ್ಮ ಪಟ್ಟಿ ಸುತ್ತಿ, ಎರಡು ಬೆರಳು ಒಳಗೆ ತೂರಿಸಿ, "ಹ್ಞೂಂ, ಈಗ ಸರಿಯಾದ ತೋಳು," ಅಂದರು. ಐದು ನಿಮಿಷ ಸಾಹೇಬರು ಮಾತಾಡಲಿಲ್ಲ. (ಮನೆಯ ಇತಿಹಾಸದಲ್ಲಿ ಇದು ದಾಖಲೆ.) ಗುರ್ರ್. ಉಸ್ಸ್. ನೂರಾ ಮೂವತ್ತಾರು.

ಹತ್ತು ಗಂಟೆಗೆ ಡಾಕ್ಟರಮ್ಮ ಕೇಳಿಸಿಕೊಂಡು, "ಅದೇ ಮಾತ್ರೆ ಸಾಕು ಅಂಕಲ್. ಇನ್ನೊಂದು ವಾರ ಹೀಗೇ ನೋಡಿ ಹೇಳಿ. ಆಸ್ಪತ್ರೆ ಏನೂ ಬೇಡ. ಬಿಸ್ಕತ್ತು ಕಮ್ಮಿ ಮಾಡಿ," ಅಂದರು. ಸಾಹೇಬರು ಫೋನು ಇಟ್ಟರು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಎದ್ದು, ಬನಿಯನ್ನು ಕೊಡವಿಕೊಂಡು, ಗೇಟಿಗೆ ನಡೆದರು. ಅಲ್ಲೊಂದು ಬಾಕಿ ಇತ್ತು. ಟೇಲರಮ್ಮ ಹಿಂದೆಯೇ ಬಂದರು, ಕಂಕುಳಲ್ಲಿ ತಮ್ಮ ಅಳತೆ ಪುಸ್ತಕ ಇಟ್ಟುಕೊಂಡು.

"ಸಾಹೇಬ್ರೇ! ನಂದು ಇವತ್ತು ನೂರಾ ಆರು! ನಿಮ್ಮದು?" ಎದುರುಗೇಟಿನಿಂದ ಮೇಷ್ಟ್ರು ಕೂಗಿದರು.

ಸಾಹೇಬರು ಗೇಟಿಗೆ ಕೈಯೂರಿ ಕೂಗಿದರು. "ನೂರಾ ಮೂವತ್ತಾರು ಮೇಷ್ಟ್ರೇ. ಅದೂ ಚಿಕ್ಕ ಪಟ್ಟಿ ಬಿಟ್ಟು ದೊಡ್ಡ ಪಟ್ಟಿ ತರಿಸಿದ ಮೇಲೆ. ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು. ಒಂದೊಂದೂ ಸುಳ್ಳು. ನನ್ನ ತಪ್ಪಾಯ್ತು."

ಮೇಷ್ಟ್ರು ಮಾಸ್ಕನ್ನು ಮೇಲೆ ಎಳೆದುಕೊಂಡರು, ಕೆಳಗೆ ಎಳೆದುಕೊಂಡರು. ಆಮೇಲೆ, ಆ ದನಿಯಲ್ಲಿ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅಷ್ಟು ಮೆಲ್ಲಗೆ ಹೇಳಿದರು: "ಸಾಹೇಬ್ರೇ, ನಿಮ್ಮ ಹತ್ರ ಆ ಚಿಕ್ಕ ಪಟ್ಟಿ ಮಿಕ್ಕಿದೆಯಲ್ಲ. ನನ್ನ ಕೈಗೂ ಒಂದ್ಸಲ ಕಟ್ಟಿ ನೋಡ್ತೀರಾ? ನನಗೂ ರಾತ್ರಿಯೆಲ್ಲ ಎದೆ ಹೊಡ್ಕೊಳ್ಳತ್ತೆ. ನನ್ನ ಹತ್ರ... ಮೆಷಿನ್ನೇ ಇಲ್ಲ."

ಯಂತ್ರವೇ ಇಲ್ಲದ ಯಂತ್ರದ ಅಂಕಿಗಳನ್ನು ಒಂದು ವಾರ ನಂಬಿ, ಅದರ ಜೊತೆ ಪೈಪೋಟಿಗೆ ಬಿದ್ದು, ತಮ್ಮ ಬಾಯಿ ಕೆಡಿಸಿಕೊಂಡಿದ್ದರು ಸಾಹೇಬರು.

"ಮೂವತ್ತನಾಲ್ಕು ವರ್ಷ ಒಬ್ಬನೇ ಒಬ್ಬ ಯಾಮಾರಿಸಿಲ್ಲ, ಅಲ್ವಾ?" ಅಂದರು ಟೇಲರಮ್ಮ. ಆಮೇಲೆ ಎದುರುಗೇಟಿಗೆ, "ಕುರ್ಚಿ ಹೊರಗೆ ಹಾಕ್ತೀನಿ, ಬನ್ನಿ ಮೇಷ್ಟ್ರೇ. ಪಟ್ಟಿ ಜಪ್ತಿಯಲ್ಲಿದೆ, ನಾನು ಬಿಡಿಸಿಕೊಡ್ತೀನಿ," ಅಂತ ಕೂಗಿ ಹೇಳಿದರು.

ಮಾನವಂತರಿಗೆ ಇಂಥ ಹೊತ್ತಿನಲ್ಲಿ ಉಳಿದದ್ದನ್ನು ಬಾಚಿಕೊಳ್ಳುವುದು ಗೊತ್ತಿರಬೇಕು. ಸಾಹೇಬರು ಬನಿಯನ್ನಿನ ತೋಳನ್ನು ಇನ್ನಷ್ಟು ಮೇಲಕ್ಕೇರಿಸಿ, ಕೈಮಡಚಿ, ಇಡೀ ಬೀದಿಗೆ ಕಾಣುವ ಹಾಗೆ ಹಿಡಿದರು. "ಬಿ.ಪಿ. ಹೋಗ್ಲಿ ಬಿಡಿ ಮೇಷ್ಟ್ರೇ! ತೋಳು ಎಷ್ಟು ಗೊತ್ತಾ? ಹದಿನೈದೂವರೆ! ಕಂಪನಿಯವರ ಪಟ್ಟಿಯೇ ಸಾಲದೇ ಹೋಯ್ತು. ಇಪ್ಪತ್ತು ಕಿಲೋ ಕಲ್ಲು ಹೊತ್ತ ತೋಳಿದು! ಇದರಲ್ಲಿ ಒಂದು ಗೆರೆ ಸುಳ್ಳಿಲ್ಲ!"

ಟೇಲರಮ್ಮ ಅಳತೆ ಪುಸ್ತಕ ಬಿಚ್ಚಿ, ಒಂದು ಹಾಳೆಗೆ ಬೆರಳಿಟ್ಟು, ಅವರ ಮುಂದೆ ಹಿಡಿದರು. ಬೀದಿ ಮುಚ್ಚುವ ಹಿಂದಿನ ವಾರ ಸಾಹೇಬರಿಗೆ ಅಂಗಿ ಹೊಲಿಯಲು ತೆಗೆದ ಅಳತೆ. ತೋಳು: ಹದಿಮೂರೂವರೆ.

"ಎರಡಿಂಚು ಈ ನಾಲ್ಕು ತಿಂಗಳದ್ದು," ಅಂದರು. "ಅದು ಕಲ್ಲು ಹೊತ್ತದ್ದಲ್ಲ, ಬಿಸ್ಕತ್ತು ಹೊತ್ತದ್ದು."

ಸಾಹೇಬರು ಟೇಪು ನೋಡಿದರು, ಪುಸ್ತಕ ನೋಡಿದರು. "ಆಗಿನ ಟೇಪು ಹಿಗ್ಗಿತ್ತೋ ಏನೋ," ಎಂದು ಗೊಣಗಿದರು.

"ನೀವೇ ಪರೀಕ್ಷೆ ಮಾಡಿ ತಂದುಕೊಟ್ಟ ಟೇಪು ಕಣ್ರೀ."

ಬರಹದಲ್ಲಿ ಇದ್ದದ್ದಕ್ಕೆ ಎದುರಾಡಿ ಅಭ್ಯಾಸವಿಲ್ಲದ ಸಾಹೇಬರು ಮಡಚಿದ ಕೈಯನ್ನು ಮೆಲ್ಲಗೆ ಇಳಿಸಿ, ಹೆಂಡತಿಯ ಕಿವಿಯ ಮೇಲಿಂದ ಪೆನ್ಸಿಲು ತೆಗೆದುಕೊಂಡು, ಹದಿಮೂರೂವರೆಯ ಪಕ್ಕದಲ್ಲಿ ತಮ್ಮ ಕೈಯಾರೆ ಹದಿನೈದೂವರೆ ಎಂದು ಬರೆದು, ಕೆಳಗೆ ಸಹಿ ಹಾಕಿದರು.